ಜಾರಿದರೆ ಸೀರಲ್ಲ

ಗುರುವಾರ, ಮಧ್ಯಾಹ್ನ

ನನ್ನ ಮಗಳಿಗೆ,

ಇದರ ಹಿಂದೆ 'ಮುದ್ದಿನ' ಎಂದೋ 'ಚಿರಂಜೀವಿ' ಎಂದೋ ಸೇರಿಸಲು ಹೋಗಿ ನಾಲ್ಕು ಹಾಳೆ ಹಾಳು ಮಾಡಿದೆ. ಕೊನೆಗೆ ಬಿಟ್ಟೆ. ನೀನಂತೂ ನನ್ನನ್ನು ಏನೆಂದೂ ಕರೆದಿಲ್ಲ, ಸೀದಾ 'ಮಗುವಿಗೆ ತಲೆ ತುರಿಕೆ' ಎಂದೇ ಶುರು ಮಾಡಿದ್ದೀಯ. ಹದಿನಾಲ್ಕು ವರ್ಷ ಮಾತಿಲ್ಲ ಕತೆಯಿಲ್ಲ, ಆಮೇಲೆ ಬಂದದ್ದು ಹನ್ನೊಂದು ಸಾಲು, ಅದೂ ಹೇನಿನ ವಿಚಾರ. ಓದಿ ಮೊದಲು ನಗು ಬಂತು. ನಮ್ಮಿಬ್ಬರ ಮಧ್ಯೆ ಇನ್ನೇನು ತಾನೇ ಬರಬೇಕಿತ್ತು ಹೇಳು.

ಕಾಗದ ಶನಿವಾರವೇ ಕೈಗೆ ಬಂತು. ಇವತ್ತು ಗುರುವಾರ. ಐದು ದಿನ ಸುಮ್ಮನೆ ಕೂತಿದ್ದೆ ಎಂದು ಬೈದುಕೊಳ್ಳುತ್ತೀಯ. ಕಣ್ಣಿಗೆ ಪೊರೆ ಬಂದಿದೆ, ಬೆರಳು ಸೆಟೆದುಕೊಂಡಿವೆ, ಕೆಳಗೆ ಬೀಗದ ಕೈ ಮಾಡುವವನ ಯಂತ್ರ ಬೆಳಗಿನಿಂದ ಕಿರುಚುತ್ತಿರುತ್ತದೆ, ಹೀಗೆ ಬೇಕಾದಷ್ಟು ನೆಪ ಹೇಳಬಹುದು. ನಿನ್ನ ಹತ್ತಿರ ಅದೆಲ್ಲ ನಡೆಯುವುದಿಲ್ಲ. ಹೆದರಿದ್ದೆ ಎಂದು ಇಟ್ಟುಕೋ.

ನಿನ್ನ ಹನ್ನೊಂದು ಸಾಲು ನನಗೆ ಬಾಯಿಪಾಠವಾಗಿ ಹೋಗಿದೆ. ಮಗು ಮೂರು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದಾಳೆ. ಕಿವಿಯ ಹಿಂದೆ, ಕೂದಲಿನ ಮೇಲೆ ಬೆಳ್ಳಗೆ ಏನೋ ಇದೆ. ಈ ಬರುವ ಸೋಮವಾರ ತಲೆ ಶುದ್ಧ ಮಾಡಿಸಿ ಕರೆತನ್ನಿ, ಇಲ್ಲದಿದ್ದರೆ ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಶಾಲೆಯಿಂದ ಹೇಳಿ ಕಳಿಸಿದ್ದಾರೆ. 'ನನಗಿದ್ದ ಹಾಗೇ ಇದೆ. ಹೇನೇನಾ? ಕೂದಲು ಪೂರ್ತಿ ತೆಗೆಸಿಬಿಡಲಾ? ನಿನ್ನ ಮೇಲೆ ನನಗೆ ಏನೇ ಇರಲಿ, ತಲೆ ನೋಡುವುದರಲ್ಲಿ ನಿನ್ನನ್ನು ನಂಬುತ್ತೇನೆ. ಉತ್ತರ ಬಂದ ದಿನವೇ ನೀನು ಹೇಳಿದ ಹಾಗೆ ಮಾಡುತ್ತೇನೆ. ಬರಬೇಡ. ಬರೆದರೆ ಸಾಕು.' ಫೋನಿನ ನಂಬರ್ ಕೊಟ್ಟಿಲ್ಲ. ವಿಳಾಸ ಇರುವುದು ನೀನು ಇಸ್ತ್ರಿ ಕೆಲಸ ಮಾಡುವ ಲಾಂಡ್ರಿಯದು, ಮನೆಯದಲ್ಲ. ಮರೆತು ಬಿಟ್ಟದ್ದಲ್ಲ ಎಂದು ಗೊತ್ತು.

ಬರಬೇಡ ಎಂದದ್ದು ನಿಜ ಹೇಳಬೇಕೆಂದರೆ ನನಗೂ ಅನುಕೂಲವೇ ಆಯಿತು. ಈಗ ಬರೆಯಬೇಕಾದದ್ದನ್ನು ಎದುರಿಗೆ ಕೂತು ಹೇಳುವ ಧೈರ್ಯ ನನಗಿಲ್ಲ.

ಮೊದಲು ಮಗುವಿನ ತಲೆ ನೋಡೋಣ. ನನ್ನದು ಆಮೇಲೆ.

ಅವಳನ್ನು ಕಿಟಕಿಯ ಹತ್ತಿರ ಕೂರಿಸು. ಬಿಸಿಲು ನೇರ ತಲೆಯ ಮೇಲೆ ಬೀಳಬಾರದು, ಬೆಳಕು ಪಕ್ಕದಿಂದ ಬರಬೇಕು. ಬಿಸಿಲಲ್ಲಿ ಎಲ್ಲವೂ ಮಿನುಗುತ್ತದೆ, ಏನೂ ಕಾಣುವುದಿಲ್ಲ. ಕೂದಲು ಒದ್ದೆ ಮಾಡು, ಎಣ್ಣೆ ಧಾರಾಳವಾಗಿ ಹಚ್ಚು. ಒಣಗಿದ ತಲೆಯಲ್ಲಿ ಹೇನು ಓಡಿ ಬಚ್ಚಿಟ್ಟುಕೊಳ್ಳುತ್ತದೆ, ಒದ್ದೆಯಲ್ಲಿ ಅದರ ಆಟ ನಡೆಯುವುದಿಲ್ಲ. ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೋ. ಹತ್ತಿರ ಹಲ್ಲಿನ ಸೀರಣಿಗೆಯನ್ನು ಚರ್ಮಕ್ಕೆ ತಾಗಿಸಿ ತುದಿಯವರೆಗೆ ಎಳೆ, ಎಳೆದಾಗಲೆಲ್ಲ ಬಟ್ಟೆಗೆ ಒರೆಸು. ತಲೆಯನ್ನು ಮನೆಯಂತೆ ಕೋಣೆ ಕೋಣೆಯಾಗಿ ಭಾಗ ಮಾಡಿಕೋ, ಒಂದು ಕೋಣೆ ಮುಗಿಸದೆ ಇನ್ನೊಂದಕ್ಕೆ ಹೋಗಬೇಡ. ನಿನಗೆ ಅವಸರ ಜಾಸ್ತಿ, ಅದಕ್ಕೇ ಹೇಳಿದೆ.

ಬಟ್ಟೆಯ ಮೇಲೆ ಎಳ್ಳಿನಷ್ಟು ದಪ್ಪದ ಕಂದು ಬಣ್ಣದ್ದೇನಾದರೂ ಕಾಲಾಡಿಸಿತೋ, ಅದು ಹೇನು. ಒಂದಾದರೂ ಜೀವವಿರುವ ಹೇನು ಕಣ್ಣಿಗೆ ಬೀಳುವ ತನಕ ಔಷಧಿಯ ಬಾಟಲಿ ಮುಟ್ಟಬೇಡ. ಕಂಡರೂ ಗಾಬರಿ ಬೇಡ, ಔಷಧಿ ಅಂಗಡಿಯಲ್ಲಿ ಮಕ್ಕಳದ್ದೇ ಕೊಡುತ್ತಾರೆ, ಎರಡು ವಾರ ಬಿಡದೆ ಬಾಚಿದರೆ ಹೋಗುತ್ತದೆ. ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ, ಕೊಳೆ ತಲೆ ಶುದ್ಧ ತಲೆ ಎಂದು ನೋಡುವುದೂ ಇಲ್ಲ. ತಲೆಗೆ ತಲೆ ತಾಗಿಸಿದರೆ ನಡೆದುಕೊಂಡು ಹೋಗುತ್ತದೆ, ಅಷ್ಟೇ. ಹೇನಾಯಿತು ಎಂದು ಯಾರೂ ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ. ಇದನ್ನು ಮಗುವಿಗೆ ಹೇಳು. ನಿನಗೆ ಯಾರೂ ಹೇಳಲಿಲ್ಲ.

(ಇಷ್ಟು ಓದುವಷ್ಟರಲ್ಲಿ ನಿನ್ನ ಕೈ ನಿನ್ನ ತಲೆಗೇ ಹೋಗಿರುತ್ತದೆ. ಎಲ್ಲರಿಗೂ ಹಾಗೇ. ತಲೆ ನೋಡಲು ಹೋದ ತರಗತಿಯಲ್ಲಿ ನಾನು ಆ ಹೆಸರೆತ್ತಿದರೆ ಸಾಕು, ಟೀಚರಿಂದ ಹಿಡಿದು ಕೊನೆಯ ಬೆಂಚಿನವರೆಗೆ ಕರಕರ. ತುರಿಕೆ ಇದೆ ಎಂದ ಮಾತ್ರಕ್ಕೆ ಹೇನಿದೆ ಎಂದಲ್ಲ.)

ಬಿಳಿ ಚುಕ್ಕೆ ಕಂಡಾಗಲೇ ಮೋಸ ಹೋಗುವುದು. ಅಲುಗಾಡಿಸಿದರೆ ಪುಡಿಯಾಗಿ ಭುಜದ ಮೇಲೆ ಉದುರಿದರೆ ಹೊಟ್ಟು. ಗುಂಡಗೆ ಒಂದು ಕಡೆ ಕೂದಲು ಮುರಿದು, ಬುಡದಲ್ಲಿ ಕಪ್ಪು ಚುಕ್ಕೆ ಉಳಿದಿದ್ದರೆ ಅದು ಹುಳುಕಡ್ಡಿ, ಬಾಚಣಿಗೆಯಿಂದ ಹೋಗುವುದಲ್ಲ, ಡಾಕ್ಟರು ನುಂಗಲು ಗುಳಿಗೆ ಕೊಡಬೇಕು. ಕುತ್ತಿಗೆಯ ಮೇಲೆ, ಹಣೆಯ ಅಂಚಿನಲ್ಲಿ ಚರ್ಮ ಕೆಂಪಾಗಿ, ಅದರ ಮೇಲೆ ದಪ್ಪ ಬೆಳ್ಳಿ ಬಣ್ಣದ ಪೊರೆ ಕಟ್ಟಿದ್ದರೆ ಸೋರಿಯಾಸಿಸ್ ಇರಬಹುದು. ಮೊಣಕೈ ಮೊಣಕಾಲನ್ನೂ ನೋಡು. ಅದು ಅಂಟುವುದಿಲ್ಲ. ಮನೆಯಲ್ಲಿ ಹಿರಿಯರಿಗಿದ್ದರೆ ಮಕ್ಕಳಿಗೂ ಬರುತ್ತದಂತೆ. ಸೋಪು ಬದಲಾಯಿಸಿದ್ದೀಯಾ, ಹೊಸ ಎಣ್ಣೆ ತಂದಿದ್ದೀಯಾ, ಅದನ್ನೂ ಯೋಚಿಸು. ಲಾಂಡ್ರಿಯ ಸೋಡಾ ನಿನ್ನ ಕೈಯಲ್ಲೇ ಇರುತ್ತದಲ್ಲ, ಅದೇ ಕೈಯಲ್ಲಿ ಅವಳ ತಲೆ ತಿಕ್ಕುತ್ತೀಯೇನೋ. ಇಲ್ಲೇ ಕೂತು ನಿನ್ನ ಮೇಲೆ ತಪ್ಪು ಹೊರಿಸುತ್ತಿದ್ದೇನೆ ನೋಡು. ಅಭ್ಯಾಸ ಬಲ.

ಇನ್ನು ಸೀರು. ಹೇನಿನ ಮೊಟ್ಟೆ. ಕಿವಿಯ ಹಿಂದೆ, ಕುತ್ತಿಗೆಯ ಮೇಲೆ, ಚರ್ಮಕ್ಕೆ ಹತ್ತಿರದಲ್ಲಿ, ಕೂದಲಿನ ಒಂದೇ ಪಕ್ಕಕ್ಕೆ ಓರೆಯಾಗಿ ಅಂಟಿಕೊಂಡಿರುತ್ತದೆ. ನೀನು ಬರೆದಿರುವುದಕ್ಕೂ ಇದಕ್ಕೂ ತಾಳೆಯಾಗುತ್ತದೆ. ಆದರೆ ಇನ್ನೊಂದು ಪರೀಕ್ಷೆ ಬಾಕಿ ಇದೆ. ನಾಲ್ಕು ಹಾಳೆ ಹಾಳಾದದ್ದು ಬರೀ 'ಮುದ್ದಿನ' 'ಚಿರಂಜೀವಿ'ಗಳಿಂದಲ್ಲ, ನಾಲ್ಕರಲ್ಲೂ ಅದನ್ನು ಬಿಟ್ಟೇ ಬರೆದಿದ್ದೆ.

ಆ ಚುಕ್ಕೆಯನ್ನು ಹೆಬ್ಬೆರಳು ತೋರುಬೆರಳಿನ ಉಗುರಿನ ನಡುವೆ ಹಿಡಿದು ಮೆಲ್ಲಗೆ ತುದಿಯ ಕಡೆಗೆ ಎಳೆ. ಸೀರಾದರೆ ಬರುವುದಿಲ್ಲ, ಜಗ್ಗಿದರೆ ಕೂದಲೇ ಕಿತ್ತು ಬರುತ್ತದೆ. ಜಾರಿದರೆ ಸೀರಲ್ಲ. ಕೂದಲಿನ ಸುತ್ತ ಕಟ್ಟಿಕೊಂಡ ಸತ್ತ ಚರ್ಮದ ಕೊಳವೆ ಅದು, ದಾರದಲ್ಲಿ ಪೋಣಿಸಿದ ಮಣಿಯ ಹಾಗೆ ಸರಾಗವಾಗಿ ಜಾರುತ್ತದೆ. ತಲೆಯ ಚರ್ಮ ಒಣಗಿ ಪೊರೆ ಕಟ್ಟುವ ಮಕ್ಕಳಿಗೆ ಆಗುತ್ತದೆ. ಜಡೆಯನ್ನು ಬಿಗಿಯಾಗಿ ಎಳೆದು ಹಾಕುವ ತಾಯಂದಿರ ಮಕ್ಕಳಿಗೂ ಆಗುತ್ತದೆ. ಅದಕ್ಕೆ ಹೇನಿನ ಔಷಧಿ ಹಚ್ಚಿದರೆ ಉರಿಯುತ್ತದೆ, ಹುಣ್ಣಾಗುತ್ತದೆ. ಕೂದಲು ತೆಗೆಸಬೇಕಾದ ಕಾರಣವೇ ಇಲ್ಲ.

ಇಷ್ಟೇ ಪರೀಕ್ಷೆ. ಎರಡು ಉಗುರು, ಒಂದು ಕ್ಷಣ.

ಈಗ ನೀನು ಓದುವುದನ್ನು ನಿಲ್ಲಿಸಿರುತ್ತೀಯ. ಇಷ್ಟು ಸುಲಭದ್ದು ಇವಳಿಗೆ ಆಗ ಗೊತ್ತಿರಲಿಲ್ಲವೇ ಎಂದು ಯೋಚಿಸುತ್ತಿರುತ್ತೀಯ.

ಗೊತ್ತಿತ್ತು.

'ನನಗಿದ್ದ ಹಾಗೇ ಇದೆ' ಎಂದು ಬರೆದು ನನ್ನ ಕೈ ಕಟ್ಟಿಹಾಕಿದೆ ಕಣೇ. ಮಗುವಿನದು ಹೇನಲ್ಲ ಎಂದರೆ ನಿನ್ನದೂ ಹೇನಲ್ಲ ಎಂದ ಹಾಗೆ. ನಿನ್ನದು ಹೇನೇ ಎಂದರೆ ಮಗುವಿನದೂ ಹೇನು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡಲು ದಾರಿಯೇ ಉಳಿಸಿಲ್ಲ ನೀನು.

ಆ ವರ್ಷ ನಿನಗೆ ಒಂಬತ್ತು. ನಿನ್ನ ಶಾಲೆಯೂ ಸೇರಿ ಆರು ಶಾಲೆಗಳಿಗೆ ನಾನೊಬ್ಬಳೇ ತಲೆ ನೋಡುವವಳು. ತಿಂಗಳ ಮೊದಲ ಸೋಮವಾರ ನಿಮ್ಮ ಶಾಲೆಯ ಸರದಿ. ಹಜಾರದ ತುದಿಯ ಕಿಟಕಿಯ ಪಕ್ಕ ನನ್ನ ಕುರ್ಚಿ, ಮುಂದೆ ಮಕ್ಕಳ ಸಾಲು, ಕೈಯಲ್ಲಿ ಕೂದಲು ಬಿಡಿಸಲು ಎರಡು ಹೆಣಿಗೆ ಕಡ್ಡಿ, ಮಡಿಲಲ್ಲಿ ಹಳದಿ ಚೀಟಿಯ ಪುಸ್ತಕ. ಹೇನಿದ್ದವರಿಗೆ ಚೀಟಿ ಹರಿದು ಕೊಡಬೇಕು, ಚೀಟಿ ಸಿಕ್ಕಿದವರು ಆಗಲೇ ಚೀಲ ತೆಗೆದುಕೊಂಡು ಮನೆಗೆ ಹೋಗಬೇಕು. ಮೂರನೇ ಚೀಟಿ ಬಿದ್ದರೆ ತಲೆ ಬೋಳಿಸಿಕೊಂಡೇ ಶಾಲೆಗೆ ಬರಬೇಕು. ಹರಿದ ಚೀಟಿಯನ್ನು ವಾಪಸ್ಸು ತೆಗೆದುಕೊಳ್ಳುವ ಪದ್ಧತಿ ಇರಲಿಲ್ಲ. ನೋಡುವವಳು ತಪ್ಪುತ್ತಾಳೆ ಎಂದು ಗೊತ್ತಾದರೆ ಯಾವ ತಾಯಿ ತಾನೇ ಕೇಳುತ್ತಾಳೆ ಎಂದು ನಾವೇ ಹೇಳಿಕೊಳ್ಳುತ್ತಿದ್ದೆವು.

ನನಗೆ ಆ ಕೆಲಸದಲ್ಲಿ ಎಷ್ಟು ಜಂಬವಿತ್ತು ಎಂದು ನಿನಗೆ ಗೊತ್ತು. ಮನೆಗೆ ಬಂದು ಊಟದ ಹೊತ್ತಲ್ಲಿ ಇವತ್ತು ಎಷ್ಟು ತಲೆ ಎಂದು ಹೇಳುತ್ತಿದ್ದೆ, ನಿಮ್ಮಪ್ಪ ತಟ್ಟೆಯಿಂದ ತಲೆಯೆತ್ತದೆ 'ಅನ್ನದ ಮುಂದೆ ಬೇಡ ಕಣೆ' ಎನ್ನುತ್ತಿದ್ದರು. ಡಾಕ್ಟರೇ ಹೊಟ್ಟು ಎಂದು ಕಳಿಸಿದ ತಲೆಯಲ್ಲಿ ನಾನು ಹೇನು ಹಿಡಿದು ತೋರಿಸಿದ್ದೆ. ಆದರೆ ಕೆಲಸ ಖಾಯಂ ಆಗಿರಲಿಲ್ಲ. ಆ ವರ್ಷ ಆಗಬೇಕಿತ್ತು.

ಆ ಸೋಮವಾರ ಬೆಳಿಗ್ಗೆ ನಿಮ್ಮ ದೊಡ್ಡ ಟೀಚರು ನನ್ನ ಕುರ್ಚಿಯ ಪಕ್ಕ ನಿಂತು ಹೇಳಿದರು: 'ಎಲ್ಲಾ ಮಕ್ಕಳಿಗೂ ಒಂದಲ್ಲ ಒಂದು ಸಲ ಚೀಟಿ ಬಿದ್ದಿದೆ, ನಿಮ್ಮ ಮಗಳಿಗೆ ಮಾತ್ರ ಯಾವತ್ತೂ ಬೀಳಲ್ಲ ಅಂತ ಒಬ್ರು ತಾಯಿ ಹೇಳ್ತಿದ್ರು. ನಾನೇನೂ ನಂಬಲ್ಲ ಬಿಡಿ.' ನಂಬುವುದಿಲ್ಲ ಎಂದವರು ಅಲ್ಲಿಂದ ಅಲುಗಾಡಲಿಲ್ಲ. ನಿನ್ನ ಸರದಿ ಬರುವವರೆಗೂ ನಿಂತಿದ್ದರು.

ನೀನು ಬಂದು ಕೂತೆ. 'ಅಮ್ಮಾ, ಇವತ್ತು ಕೆರೆತ ಜಾಸ್ತಿ' ಎಂದು ಪಿಸುಗುಟ್ಟಿದೆ. ಶಾಲೆಯಲ್ಲಿ ಅಮ್ಮ ಎನ್ನಬೇಡ ಎಂದು ಹೇಳಿದ್ದೆ ನಿನಗೆ, ನೀನು ಮರೆತಿದ್ದೆ. ಹಿಂದೆ ಸಾಲಲ್ಲಿ ಯಾರೋ ಕಿಸಕ್ಕೆಂದರು. ಕಿವಿಯ ಹಿಂದೆ ಕೂದಲು ಬಿಡಿಸಿದೆ, ಬೆಳ್ಳಗೆ ಕಂಡಿತು. ಉಗುರು ಹಾಕಿ ನೋಡದೆಯೇ ಚೀಟಿ ಹರಿದೆ. ಸದ್ದು ಎಲ್ಲರಿಗೂ ಕೇಳಲಿ ಎಂದು ಜೋರಾಗಿಯೇ ಹರಿದೆ. ಆಮೇಲೆ, ಅಭ್ಯಾಸವಾದ ಕೈ ಸುಮ್ಮನಿರುವುದಿಲ್ಲವಲ್ಲ, ತಾನಾಗಿಯೇ ಆ ಚುಕ್ಕೆಯನ್ನು ಹಿಡಿದು ಎಳೆಯಿತು. ಅದು ಜಾರಿ ತುದಿಯವರೆಗೂ ಬಂತು.

ದೊಡ್ಡ ಟೀಚರು ನನ್ನನ್ನೇ ನೋಡುತ್ತಿದ್ದರು. ನೀನು ಚೀಟಿ ಹಿಡಿದುಕೊಂಡು ಎದ್ದು ನಿಂತಿದ್ದೆ. 'ಹೋಗು' ಎಂದೆ.

ಅದು ಮೊದಲನೇ ಚೀಟಿ. ಅದನ್ನು ಬೇಕಾದರೆ ಅವಸರ ಎನ್ನು. ಎರಡನೆಯದಕ್ಕೆ ಆ ನೆಪವೂ ಇಲ್ಲ. ಚೀಟಿ ಕೊಟ್ಟ ಮೇಲೆ ಮನೆಯಲ್ಲಿ ಔಷಧಿ ಹಚ್ಚಬೇಕಲ್ಲ, ಹಚ್ಚಿದೆ. ತಲೆಯಲ್ಲಿ ಹೇನಿಲ್ಲ ಎಂದು ಗೊತ್ತಿದ್ದೂ ಹಚ್ಚಿದೆ. 'ಉರಿಯುತ್ತಮ್ಮಾ' ಎಂದೆ ನೀನು. ಉರಿದರೇ ಹೇನು ಸಾಯುವುದು ಎಂದೆ ನಾನು. ಆ ಔಷಧಿಗೆ ಚರ್ಮ ಇನ್ನೂ ಕೆದರಿ ಪೊರೆಯೆದ್ದಿತು, ಮುಂದಿನ ತಿಂಗಳು ಮೊದಲಿಗಿಂತ ಬೆಳ್ಳಗೆ ಕಂಡಿತು. ಈ ಸಲ ಬಿಟ್ಟರೆ ಹೋದ ಸಲ ತಪ್ಪಿದೆ ಎಂದಾಗುತ್ತಿತ್ತು. ಇನ್ನೊಂದು ಹರಿದೆ. ಮೂರನೆಯದನ್ನು ಹರಿಯುವಾಗ ನಿನ್ನ ಮುಖ ನೋಡಲಿಲ್ಲ.

ನಿಮ್ಮಪ್ಪನಿಗೆ ಗೊತ್ತಾಗಿತ್ತು. ಎರಡನೇ ಚೀಟಿಯ ಸಂಜೆ ನಿನ್ನ ಬಾಚಣಿಗೆಯಲ್ಲಿ ಸಿಕ್ಕಿದ್ದ ಒಂದು ಕೂದಲನ್ನು ಮೇಜಿನ ದೀಪದ ಕೆಳಗಿಟ್ಟು, ಗಡಿಯಾರ ರಿಪೇರಿಯ ಕಣ್ಗಾಜು ಹಾಕಿಕೊಂಡು ನೋಡಿದರು. 'ಇದು ಮೊಟ್ಟೆ ಅಲ್ಲ ಕಣೆ. ಕೊಳವೆ ಇದ್ದ ಹಾಗಿದೆ, ಎರಡೂ ಕಡೆ ತೂತು' ಎಂದರು. 'ನೀವು ಗಡಿಯಾರ ನೋಡಿ, ತಲೆ ನಾನು ನೋಡ್ತೀನಿ' ಎಂದು ಅವರ ಬಾಯಿ ಮುಚ್ಚಿಸಿದೆ. ಅವರು ಕಣ್ಗಾಜು ತೆಗೆದು ನನ್ನನ್ನು ನೋಡಿದರು. ಅಷ್ಟು ಸಣ್ಣ ಹಲ್ಲುಚಕ್ರದ ತಪ್ಪು ಕಂಡುಹಿಡಿಯುವವರಿಗೆ ನನ್ನ ಮುಖ ಓದುವುದು ಎಷ್ಟರದು! ಮತ್ತೆ ಮಾತೆತ್ತಲಿಲ್ಲ. ಅವರು ಒಳ್ಳೆಯವರು, ಆದರೆ ಗಟ್ಟಿಯವರಲ್ಲ. ನೀನು ಹದಿನೇಳರವಳಿದ್ದಾಗ ಅವರು ಹಾಸಿಗೆ ಹಿಡಿದರಲ್ಲ, ಆಗ ಒಂದು ದಿನ ನನ್ನ ಕೈ ಹಿಡಿದು 'ಪುಟ್ಟಿಗೆ ಆ ಚೀಟಿ ವಿಷಯ ಹೇಳ್ಬಿಡು' ಎಂದರು. ಹೇಳುತ್ತೇನೆ ಎಂದೆ. ಅವರು ನಂಬಿಕೊಂಡೇ ಹೋದರು.

ತಲೆ ಬೋಳಿಸಿದ ದಿನದ್ದನ್ನು ನಾನೇನು ಬರೆಯಲಿ. ನೀನು ಕನ್ನಡಿ ಕೇಳಿದೆ, ಕ್ಷೌರದವನು ನನ್ನ ಮುಖ ನೋಡಿದ, ನಾನು ಬೇಡ ಎಂದೆ. ಬೋಳಾದ ತಲೆಯ ಮೇಲೂ ಔಷಧಿ ಹಚ್ಚಿಸಿದೆ. ಎಲ್ಲರೂ ನೋಡುತ್ತಿದ್ದರಲ್ಲ, ಅದಕ್ಕೆ. ಹುಣ್ಣು ಕೀವಾಗಿ, ಬಲಗಿವಿಯ ಹಿಂದೆ ನಾಣ್ಯದಗಲ ಜಾಗದಲ್ಲಿ ಮತ್ತೆ ಕೂದಲು ಬರಲೇ ಇಲ್ಲ. ಅದನ್ನು ಮುಚ್ಚಲು ನೀನು ಬೈತಲೆಯನ್ನು ಎಡಕ್ಕೆ ತೆಗೆಯುವುದನ್ನು ಕಲಿತೆ. ಈಗಲೂ ಹಾಗೇ ತೆಗೆಯುತ್ತೀಯೇನೋ.

ಆ ಪಕ್ಕದ ಬೆಂಚಿನ ಹುಡುಗಿ, ಗಿಣಿ ಎಂದು ಕರೆಯುತ್ತಿದ್ದೆಯಲ್ಲ, ಅವಳಿಗೂ ಅದೇ ತಿಂಗಳು ಹೇನು ಕಂಡಿತ್ತು. ಅದು ನಿಜವಾದ ಹೇನು. ನೀನೇ ಅಂಟಿಸಿದ್ದು ಎಂದು ಶಾಲೆಯೆಲ್ಲ ಹೇಳಿತು. ಅವಳ ತಾಯಿ ಅವಳನ್ನು ನಿನ್ನ ಪಕ್ಕದಿಂದ ಎಬ್ಬಿಸಿದಳು. ನೀನು ಮನೆಗೆ ಬಂದು ನನ್ನ ಮುಂದೆ ನಿಂತು, 'ಗಿಣಿಗೆ ನನ್ನಿಂದಾನೇ ಬಂತಾ ಅಮ್ಮಾ?' ಎಂದು ಕೇಳಿದೆ. ಒಂದು ಮಾತು ಸಾಕಿತ್ತು. ನಾನು, 'ಇರಬಹುದು, ಇನ್ಮೇಲೆ ಹುಷಾರಾಗಿರು' ಎಂದೆ. ಮಗಳೇ, ನಾನು ಮಾಡಿದ್ದರಲ್ಲೆಲ್ಲ ಇದೊಂದನ್ನು ನೆನೆಸಿಕೊಂಡರೆ ನನಗೆ ನನ್ನ ಮೇಲೆ ಹೇಸಿಗೆಯಾಗುತ್ತದೆ. ಅಂದಿನಿಂದ ನೀನು ಯಾರ ಹತ್ತಿರವೂ ಕೂರಲಿಲ್ಲ. ಬಸ್ಸಿನಲ್ಲಿ ನಿಂತೇ ಬರುತ್ತಿದ್ದೆ. ಸೋದರತ್ತೆಯ ಮಗು ಓಡಿ ಬಂದು ತಬ್ಬಿಕೊಂಡರೆ ತಲೆಯನ್ನು ಆ ಕಡೆ ಎಳೆದುಕೊಳ್ಳುತ್ತಿದ್ದೆ. ಎಲ್ಲರೂ ನಿನಗೆ ಜಂಬ ಎಂದರು. ನನಗೆ ಗೊತ್ತಿತ್ತು ಯಾಕೆಂದು, ನಾನೂ ಅವರ ಜೊತೆ ಸೇರಿ 'ಹೌದು ಸ್ವಲ್ಪ ಜಂಬ' ಎಂದೆ.

ಕೆಲಸ ಖಾಯಂ ಆಯಿತು. ಸ್ವಂತ ಮಗಳಿಗೂ ಮೂರು ಚೀಟಿ ಕೊಟ್ಟವಳು ಎಂದು ಮೇಲಧಿಕಾರಿ ಸಭೆಯಲ್ಲಿ ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಲೆಬಾಗಿಸಿ ಕೈ ಮುಗಿದೆ. ಆ ಸಂಬಳದಲ್ಲೇ ನೀನು ಓದಿದ್ದು, ಉಂಡದ್ದು ಎಂದು ಎಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹತ್ತೊಂಬತ್ತಕ್ಕೆ ಮನೆ ಬಿಟ್ಟು ಹೋಗುವಾಗ ನೀನು ಬಾಗಿಲಲ್ಲಿ ನಿಂತು, 'ನಿನಗೆ ನನಗಿಂತ ಜನರ ಬಾಯೇ ಮುಖ್ಯ' ಎಂದೆ. ನಾವು ಜಗಳವಾಡುತ್ತಿದ್ದದ್ದು ಬೇರೆ ವಿಷಯಕ್ಕೆ, ನೀನು ನೋಡಿಕೊಂಡಿದ್ದ ಹುಡುಗನ ವಿಚಾರಕ್ಕೆ. ಆದರೂ ಮಾತು ಹೋಗಿ ಸರಿಯಾದ ಜಾಗಕ್ಕೇ ಚುಚ್ಚಿತು. ನಿನಗೆ ಎಲ್ಲ ಗೊತ್ತಾಗಿಬಿಟ್ಟಿದೆ ಎಂದುಕೊಂಡೆ. ಅದಕ್ಕೇ ಹಿಂದೆ ಬರಲಿಲ್ಲ, ಹುಡುಕಲಿಲ್ಲ. ನಿನಗೆ ಗೊತ್ತೇ ಇರಲಿಲ್ಲ ಎಂಬುದು ಈ ಶನಿವಾರ ನಿನ್ನ ಕಾಗದ ಓದಿದ ಮೇಲೆ ತಿಳಿಯಿತು. ಇಷ್ಟು ವರ್ಷ ದೂರವಿದ್ದರೂ ಒಳಗೊಳಗೆ ನೀನು ನನ್ನ ಮೇಲೆ ಒಂದು ನಂಬಿಕೆ ಇಟ್ಟುಕೊಂಡಿದ್ದೆ. ತಲೆ ನೋಡುವುದರಲ್ಲಿ ನಂಬುತ್ತೇನೆ ಎಂದೆಯಲ್ಲ. ಅದೊಂದೇ ಉಳಿದಿತ್ತು ಎಂದು ಗೊತ್ತಾದದ್ದೂ, ಅದನ್ನು ಕಳೆದುಕೊಳ್ಳಬೇಕು ಎಂದು ಗೊತ್ತಾದದ್ದೂ ಒಂದೇ ಸಲ.

ನಿನ್ನ ತಲೆಯಲ್ಲಿ ಒಂದು ದಿನವೂ ಹೇನಿರಲಿಲ್ಲ. ಗಿಣಿಗೆ ನಿನ್ನಿಂದ ಏನೂ ಬರಲಿಲ್ಲ. ನಿನಗಿದ್ದದ್ದು ಒಣ ಚರ್ಮದ ಕಾಯಿಲೆ, ನಿಮ್ಮಪ್ಪನ ಮೊಣಕೈಯ ಮೇಲೂ ಇತ್ತು ಅಂಥದೇ ಬೆಳ್ಳಿ ಪೊರೆ, ಉದ್ದ ತೋಳಿನ ಅಂಗಿ ಹಾಕಿ ಮುಚ್ಚಿಕೊಳ್ಳುತ್ತಿದ್ದರು. ಮೇಲೆ ನನ್ನ ಬಿಗಿ ಜಡೆ. ಮಗುವಿಗೂ ಅದೇ ಬಂದಿರಬಹುದು. ಅವಳಿಗೆ ಏಳು ವರ್ಷ ಎಂದು ಬರೆದಿದ್ದೀಯ. ಏಳು ವರ್ಷದವಳಿಗೆ ಕೂದಲೆಂದರೆ ಏನು ಎಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಕತ್ತರಿ ಮುಟ್ಟಿಸಬೇಡ. ಜಡೆ ಸಡಿಲ ಹಾಕು. ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಒಂದು ಸಾಲು ಬರೆಸಿಕೊಂಡು ಬಾ, ಅಂಟುವ ಕಾಯಿಲೆಯಲ್ಲ ಎಂದು. ಅದನ್ನು ಶಾಲೆಯವರ ಕೈಗೆ ಕೊಡು. ಅವರು ಮುಖ ಸಿಂಡರಿಸಿದರೆ, ಅವರ ಎದುರಿಗೇ ಒಂದು ಕೂದಲು ಹಿಡಿದು ಉಗುರಿನಲ್ಲಿ ಎಳೆದು ತೋರಿಸು. ನೋಡುವವಳು ತಪ್ಪೊಪ್ಪಿಕೊಳ್ಳಲಿಕ್ಕಿಲ್ಲ. ನಮ್ಮ ಜಾತಿಯೇ ಹಾಗೆ. ಆದರೂ ತೋರಿಸು, ಮಗು ನೋಡುತ್ತಿರುವಾಗಲೇ ತೋರಿಸು.

ಇದನ್ನು ತುರ್ತು ಅಂಚೆಯಲ್ಲಿ ಹಾಕುತ್ತೇನೆ, ಶನಿವಾರ ಕೈಸೇರುತ್ತದೆ ಎಂದು ಅಂಚೆ ಕಚೇರಿಯವಳು ಹೇಳಿದಳು. ಕ್ಷಮಿಸು ಎಂದು ಬರೆಯಲು ಹೋಗಿ ನಿಲ್ಲಿಸಿದೆ. ಕೇಳಿದರೆ ನೀನು ಕೊಡಬೇಕೋ ಬೇಡವೋ ಎಂದು ಯೋಚಿಸಬೇಕಾಗುತ್ತದೆ, ಆ ಕೆಲಸವನ್ನೂ ನಿನ್ನ ತಲೆಗೆ ಕಟ್ಟುವುದು ಬೇಡ. ಉತ್ತರದ ಆಸೆ ನನಗಿಲ್ಲ. ಮೊಮ್ಮಗಳನ್ನು ನೋಡುವ ಆಸೆ ಇತ್ತು, ಬರೆಯುತ್ತಾ ಬರೆಯುತ್ತಾ ಅದೂ ಹೋಯಿತು. ನನ್ನಂಥವಳ ಕೈಗೆ ನೀನು ಅವಳ ತಲೆ ಕೊಡಬಾರದು.

ಇಷ್ಟೆಲ್ಲ ಓದಿದ ಮೇಲೂ ಈ ಹೆಸರು ಬರೆದುಕೊಳ್ಳಬಹುದಾದರೆ,

ಅಮ್ಮ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಡಿಸಿದೆ. ಐದು ದಿನ ಸುಮ್ಮನೆ ಕೂತಿದ್ದೆ ಎಂದು ಮೇಲೆ ಬರೆದದ್ದು ಸುಳ್ಳು. ಶನಿವಾರ ನಿನ್ನ ಕಾಗದ ಓದಿದ ಒಂದು ಗಂಟೆಯೊಳಗೆ ನಾನೊಂದು ಕಾರ್ಡು ಬರೆದು ಡಬ್ಬಿಗೆ ಹಾಕಿಬಿಟ್ಟೆ. ನಾನು ನಿನಗೆ ಮಾಡಿದ್ದು ಬಯಲಾಗಬಾರದು ಎಂಬುದೊಂದೇ ಆಗ ತಲೆಯಲ್ಲಿದ್ದದ್ದು, ಮಗುವಿನ ಯೋಚನೆ ಬರಲೇ ಇಲ್ಲ. 'ಹೇನೇ. ನಿನಗೂ ಹೀಗೇ ಇತ್ತು. ಕೂದಲು ಪೂರ್ತಿ ತೆಗೆಸಿ ಔಷಧಿ ಹಚ್ಚು' ಎಂದು ಬರೆದಿದ್ದೆ. ಅದು ಮಂಗಳವಾರವೇ ನಿನಗೆ ಸಿಕ್ಕಿರುತ್ತದೆ. ಉತ್ತರ ಬಂದ ದಿನವೇ ಮಾಡುತ್ತೇನೆ ಎಂದಿದ್ದೀಯ, ನೀನು ಆಡಿದ ಮಾತು ತಪ್ಪುವವಳಲ್ಲ. ಗೊತ್ತಿದ್ದೂ ಇಷ್ಟುದ್ದ ಬರೆದೆ. ನೀನು ಆ ಕಾರ್ಡು ಓದಿ, ಇವಳ ಮಾತು ಯಾರು ಕೇಳುತ್ತಾರೆ ಎಂದು ಹರಿದು ಎಸೆದಿದ್ದರೆ ಸಾಕು ಎಂದು ಬೇಡಿಕೊಳ್ಳುತ್ತಿದ್ದೇನೆ.